ದ್ವೀಪದ ರೆಸಾರ್ಟ್ ಬುಕ್ ಮಾಡುವ ಮುಂಚೆ ಬೈಗುಳ ಓದಿ

ಮಾಲ್ಡೀವ್ಸಿಗೆ ಹೋಗಬೇಕು, ಯಾವ ರೆಸಾರ್ಟ್ ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಹೆಸರು ಹೇಳಲು ಹೋಗುವುದಿಲ್ಲ. ಐದು ಸ್ಟಾರಿನ ರಿವ್ಯೂ ಬಿಡಿ, ಎರಡು ಸ್ಟಾರ್ ಕೊಟ್ಟು ಬೈದವರನ್ನು ಓದಿ ಅನ್ನುತ್ತೇನೆ. ಹೊಗಳಿಕೆ ಎಲ್ಲ ಕಡೆ ಒಂದೇ. ನೀಲಿ ನೀರು, ಸ್ವರ್ಗ, ಮತ್ತೆ ಬಂದೇ ಬರುತ್ತೇವೆ, ಕೊನೆಗೆ ಐದಾರು ಸಿಬ್ಬಂದಿಯ ಹೆಸರು. ಹೊರಡುವ ದಿನ ತಿಂಡಿ ಬಡಿಸುವ ಹುಡುಗ, 'ರಿವ್ಯೂ ಬರೆದರೆ ನನ್ನ ಹೆಸರು ಹಾಕಿ ಸರ್' ಅಂತ ಸಂಕೋಚದಿಂದ ಕೇಳಿರುತ್ತಾನೆ. ಪಾಪ, ಅವನ ಕೆಲಸ ಅದು. ಆದರೆ ಅದನ್ನು ಓದಿದರೆ ರೂಮಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಬೈದವರು ವಿವರ ಕೊಡುತ್ತಾರೆ. ಆ ವಿವರದಲ್ಲಿ ದ್ವೀಪ ಹೇಗೆ ನಡೆಯುತ್ತದೆ ಅನ್ನುವುದು ಕಾಣಿಸುತ್ತದೆ.

ಮೊದಲ ರೆಸಾರ್ಟ್ ಕುರುಂಬಾ 1972ರಲ್ಲಿ ಶುರುವಾದಾಗಿನಿಂದ ಅಲ್ಲಿನ ಲೆಕ್ಕ ಸಾಮಾನ್ಯವಾಗಿ ಒಂದೇ: ಒಂದು ದ್ವೀಪ, ಒಂದು ರೆಸಾರ್ಟ್. ಅಂದರೆ ಕರೆಂಟ್ ಅಲ್ಲೇ ತಯಾರಾಗಬೇಕು, ಸಮುದ್ರದ ನೀರನ್ನು ಅಲ್ಲೇ ಸಿಹಿ ಮಾಡಬೇಕು. ಕೆಲಸದವರೂ ಅಲ್ಲೇ ಇರುತ್ತಾರೆ. ಇದೆಲ್ಲ ಗಿಡಗಳ ಸಾಲಿನ ಹಿಂದೆ ಮರೆಯಾಗಿರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. 'ರಾತ್ರಿಯಿಡೀ ಗುಂಯ್ ಅನ್ನುವ ಸದ್ದು' ಅಂತ ಯಾರಾದರೂ ಬರೆದಿದ್ದರೆ ಅವರ ರೂಮ್ ಬಹುಶಃ ಜನರೇಟರ್ ಕಡೆಗಿತ್ತು ಅಂತ ಅರ್ಥ. ರೂಮ್ ನಂಬರ್ ಹಾಕಿದ್ದರೆ ಗುರುತು ಹಾಕಿಕೊಳ್ಳಿ, ರೆಸಾರ್ಟಿನ ನಕ್ಷೆ ತೆಗೆದು ನೋಡಿ, ಆ ಕಡೆ ಬೇಡ ಅಂತ ಮೊದಲೇ ಬರೆದು ಕಳಿಸಿ.

ಜಾಸ್ತಿ ಬೈಗುಳ ಬೀಳುವುದು ಸೀಪ್ಲೇನಿಗೆ, ಅಂದರೆ ದೂರದ ರೆಸಾರ್ಟಿಗೆ ಕರೆದೊಯ್ಯುವ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಕ್ಕೆ. ರಾಜಧಾನಿ ಮಾಲೆಯಲ್ಲಿ ಇಳಿದು ನಾಲ್ಕು ಗಂಟೆ ಕಾದೆವು, ಯಾರೂ ಸರಿಯಾಗಿ ಹೇಳಲಿಲ್ಲ ಅಂತ. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ, ಅಕ್ಕಪಕ್ಕದ ಎರಡು ಮೂರು ರೆಸಾರ್ಟುಗಳವರನ್ನು ಸೇರಿಸಿಕೊಂಡು ಹೋಗುತ್ತದೆ, ಸಮಯ ಗೊತ್ತಾಗುವುದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆ. ನಿಮ್ಮ ವಿಮಾನ ಸಂಜೆ ಇಳಿದರೆ ಕಥೆ ಮುಗಿಯಿತು. ಆ ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಹುಲ್ಹುಮಾಲೆಯಲ್ಲೋ ಮಾಲೆಯಲ್ಲೋ ಬೇರೆ ರೂಮ್ ಮಾಡಬೇಕು, ರೆಸಾರ್ಟಿಗೆ ಕಟ್ಟಿದ ಒಂದು ರಾತ್ರಿಯ ದುಡ್ಡು ನೀರಲ್ಲಿ ಹೋಮ. ಲಗೇಜೂ ಸಾಮಾನ್ಯವಾಗಿ 20 ಕೆಜಿ, ಕೈಚೀಲ 5 ಕೆಜಿ ಅಷ್ಟೇ. ಹಾಗಾಗಿ ಮೊದಲು ವಿಮಾನದ ಸಮಯ ನೋಡಿ, ಆಮೇಲೆ ರೆಸಾರ್ಟ್ ಹುಡುಕಿ. ಮಾಲೆಗೆ ಹತ್ತಿರದ ದ್ವೀಪಗಳಿಗೆ ಸ್ಪೀಡ್‌ಬೋಟ್ ರಾತ್ರಿಯೂ ಹೋಗುತ್ತದೆ, ಸೊಂಟ ಗಟ್ಟಿ ಇರಬೇಕು ಅಷ್ಟೇ.

ಇನ್ನು ಬೀಚು. ಒಂದೇ ವಿಲ್ಲಾದ ಬಗ್ಗೆ ಫೆಬ್ರುವರಿಯಲ್ಲಿ ಇದ್ದವರು 'ಬಾಗಿಲು ತೆರೆದರೆ ಅಗಲವಾದ ಬಿಳಿ ಮರಳು' ಅಂತ ಬರೆದಿರುತ್ತಾರೆ, ಆಗಸ್ಟಿನಲ್ಲಿ ಇದ್ದವರು 'ಮರಳೇ ಇಲ್ಲ, ಮರಳಿನ ಮೂಟೆ ಜೋಡಿಸಿದ್ದಾರೆ, ಮೋಸ' ಅಂತ ಬರೆದಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಲ್ಲಿ ವರ್ಷಕ್ಕೆ ಎರಡು ಮಾನ್ಸೂನ್. ಗಾಳಿ ಕೆಲವು ತಿಂಗಳು ಈಶಾನ್ಯದಿಂದ, ಆಮೇಲೆ ನೈಋತ್ಯದಿಂದ. ಗಾಳಿ ತಿರುಗಿದ ಹಾಗೆ ಅಲೆಯೂ ತಿರುಗುತ್ತದೆ, ಮರಳು ದ್ವೀಪದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗಿ ಕೂರುತ್ತದೆ. ಅದಕ್ಕೆ ನೀವು ಹೋಗುವ ತಿಂಗಳಲ್ಲೇ ಬರೆದ ರಿವ್ಯೂ ಹುಡುಕಿ ಓದಿ. ಬೇರೆ ತಿಂಗಳದ್ದು ಬೇರೆ ದ್ವೀಪದ ಕಥೆ ಅಂದುಕೊಳ್ಳಿ.

ನೀರಿನ ಮೇಲಿನ ವಿಲ್ಲಾ ಅಂದರೆ ಎಲ್ಲರಿಗೂ ಆಸೆ. ನನಗೂ ಇತ್ತು, ಹೋಗಿ ಇದ್ದೆ. ಹಗಲಲ್ಲಿ ಚಂದವೇ. ಮೆಟ್ಟಿಲ ಬುಡದಲ್ಲಿ ಮೊಳದುದ್ದದ ಶಾರ್ಕ್ ಮರಿಗಳು ಬೆನ್ನ ಮೇಲಿನ ಕಪ್ಪು ತುದಿ ತೋರಿಸುತ್ತಾ ಅಡ್ಡಾಡುತ್ತಿದ್ದವು, ಸುಮ್ಮನಿದ್ದರೆ ಏನೂ ಮಾಡುವುದಿಲ್ಲ. ರಾತ್ರಿ ಉಬ್ಬರ ಬಂತು ನೋಡಿ, ಮಂಚದ ಕೆಳಗಿನ ಹಲಗೆಗೆ ಅಲೆ ಪಟಾರ್ ಅಂತ ಬಡಿಯುತ್ತಿತ್ತು. ಕಿವಿ ಅದಕ್ಕೆ ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಇನ್ನೊಂದು. ಕೆಲವರಿಗೆ ಇದು ಜೋಗುಳ, ನನಗಂತೂ ಅಲ್ಲ. ಚಿಕ್ಕ ಮಕ್ಕಳಿದ್ದರೆ ಯೋಚನೆಯನ್ನೇ ಬಿಡಿ, ಕಟಕಟೆ ಇಲ್ಲದ ಡೆಕ್ ಮೇಲೆ ಅವರ ಹಿಂದೆ ಓಡುವುದೇ ನಿಮ್ಮ ರಜೆ ಆಗುತ್ತದೆ.

ಬಿಲ್ಲಿನ ಜಗಳಗಳೂ ಓದಲು ಯೋಗ್ಯ. ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಎಚ್ಚರ. 10% ಸರ್ವಿಸ್ ಚಾರ್ಜ್, ಅದನ್ನೂ ಸೇರಿಸಿದ ಮೊತ್ತದ ಮೇಲೆ 17% ತೆರಿಗೆ (2025ರ ಜೂನ್ ಕೊನೆಯವರೆಗೆ 16% ಇತ್ತು). 100 ಡಾಲರಿನ ಊಟ 128.70 ಆಗುತ್ತದೆ. ಇದಲ್ಲದೆ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್. ದುಬಾರಿ ಅಂತ ಎದ್ದು ಪಕ್ಕದ ಹೋಟೆಲಿಗೆ ಹೋಗೋಣ ಅಂದರೆ ಪಕ್ಕದಲ್ಲಿ ಇರುವುದು ಸಮುದ್ರ. ಹಾಗಾಗಿ ಊಟ ಸೇರಿದ ಪ್ಯಾಕೇಜ್ ಲಾಭವೋ ಅಲ್ಲವೋ ಅನ್ನುವ ಲೆಕ್ಕ ಮನೆಯಲ್ಲೇ ಆಗಿರಲಿ.

ಒಂದು ತಮಾಷೆ: ಕೆಲವು ರೆಸಾರ್ಟುಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ, ಅತಿಥಿಗಳಿಗೆ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. ಫೋನಿನಲ್ಲಿ ಒಂದು ಟೈಮು, ಗೋಡೆಯಲ್ಲಿ ಇನ್ನೊಂದು. ತಿಂಡಿ ತಪ್ಪಿಸಿಕೊಂಡು ಒಂದು ಸ್ಟಾರ್ ಕೊಟ್ಟವರನ್ನು ನೋಡಿದ್ದೇನೆ.

ಕೆಲವು ಬೈಗುಳ ಓದಿ ನಕ್ಕು ಮುಂದೆ ಹೋಗಿ. ಕಾಗೆ ಇದೆ, ಜುಲೈನಲ್ಲಿ ಮಳೆ ಬಂತು, ಮಾಡೋಕೆ ಏನೂ ಇಲ್ಲ. ಕಾಲು ಗಂಟೆಯಲ್ಲಿ ಸುತ್ತು ಹಾಕಬಹುದಾದ ದ್ವೀಪದಲ್ಲಿ ಏನು ಮಾಡಬೇಕು ಅಂತಿದ್ದರೋ! ಆದರೆ 'ಹವಳ ಸತ್ತಿದೆ' ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀರು ಬಿಸಿಯಾಗಿ 1998ರಲ್ಲೂ 2016ರಲ್ಲೂ ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಚಿಕೊಂಡಿತ್ತು, ಜಾಹೀರಾತಿನ ಫೋಟೋ ಯಾವ ಕಾಲದ್ದೋ. ಮೀನು ನೋಡಲೆಂದೇ ಹೋಗುವವರು ಇತ್ತೀಚೆಗೆ ನೀರಿಗಿಳಿದವರ ಮಾತು ನಂಬಿ.

ಕೊನೆಗೆ, ಬೈಗುಳದ ಕೆಳಗೆ ಹೋಟೆಲಿನವರು ಬರೆದ ಉತ್ತರವನ್ನೂ ಓದಿ. ಎಲ್ಲರಿಗೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಅಂಟಿಸಿದ್ದರೆ ಬಿಟ್ಟುಬಿಡಿ. ಪಂಪು ಬದಲಿಸಿದ್ದೇವೆ, ಆ ನಾಲ್ಕು ರೂಮುಗಳನ್ನು ಸದ್ಯಕ್ಕೆ ಕೊಡುತ್ತಿಲ್ಲ ಅಂತ ಬರೆದಿದ್ದರೆ ನಾನು ಅಲ್ಲೇ ಬುಕ್ ಮಾಡುತ್ತೇನೆ, ಎರಡು ಸ್ಟಾರ್ ಇದ್ದರೂ ಸರಿಯೇ.