ಗಲಾಟೆ ಹೊತ್ತಲ್ಲಿ ಜೋಗುಳ ಬೇಡ

ಅಂಗನವಾಡಿಯಲ್ಲಿ ಮಕ್ಕಳು ಕಿರುಚಾಡುವಾಗ ಮೆಲ್ಲನೆ ಜೋಗುಳ ಹಾಡಿದರೆ ಯಾರ ಕಿವಿಗೂ ಬೀಳುವುದಿಲ್ಲ. ಮೊದಲು ಅವರ ವೇಗಕ್ಕೆ ನಾವು ಹೋಗಬೇಕು, ಆಮೇಲೆ ಇಳಿಸಬೇಕು. ಸಂಗೀತ ಚಿಕಿತ್ಸೆಯವರು ಇದನ್ನು ಐಸೋ ತತ್ವ ಅಂತಾರೆ. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ ಮುಂದಿಟ್ಟದ್ದು. ಅಳುವ ಕೂಸನ್ನು ಮೊದಲು ಜೋರಾಗಿ ತೂಗಿ, ಬರಬರುತ್ತ ತೊಟ್ಟಿಲು ನಿಧಾನ ಮಾಡುವ ಅಜ್ಜಿಯರಿಗೆ ಹೆಸರಿನ ಹಂಗೇ ಇರಲಿಲ್ಲ ಬಿಡಿ.

ನಿಮಿಷಕ್ಕೆ ಸುಮಾರು 120 ತಟ್ಟು, ನಿಂತುಕೊಂಡು, ತೊಡೆ ತಟ್ಟುತ್ತ ಹಾಡು ಶುರು ಮಾಡಿ. ಹೆಚ್ಚಿನ ಮಕ್ಕಳು ತಾಳಕ್ಕೆ ಕೂಡಿದ ಮೇಲಷ್ಟೇ 100ಕ್ಕೆ ಇಳಿಸಿ, ಕೂರಿಸಿ. ಕೊನೆಗೆ 70, ಪದ ಬಿಟ್ಟು ಬರೀ ಗುನುಗು. ಒಟ್ಟು ಆರೇಳು ನಿಮಿಷ. ಕೆಡುವುದು ಬಹುತೇಕ ನಡುವಿನ ಹಂತದಲ್ಲೇ: ದಿಢೀರನೆ ಇಳಿಸಿದರೆ ಅರ್ಧ ಮಕ್ಕಳು ಹಳೇ ವೇಗದಲ್ಲೇ ಓಡುತ್ತಿರುತ್ತಾರೆ. ಮೊಬೈಲ್ ಹಾಡು ಇಲ್ಲಿ ಸಾಲದು, ಅದು ಯಾರಿಗೂ ಕಾಯುವುದಿಲ್ಲ. ನಾಲ್ಕೈದು ಸ್ವರದೊಳಗಿನ ಹಾಡು ಸಾಕು.

ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಗಿಲಕಿ ಕೊಟ್ಟರೆ ಸಂತೆ. ನಾಲ್ಕು ಕೊಟ್ಟು ಸರದಿ ಮಾಡಿ, ಕಾಯುವುದನ್ನೂ ಕಲಿತಂತಾಯ್ತು. ಕಿವಿ ಮುಚ್ಚಿಕೊಳ್ಳುವ ಮಗುವನ್ನು ವೃತ್ತಕ್ಕೆ ಎಳೆಯಬೇಡಿ, ಬಾಗಿಲ ಹತ್ತಿರ ಜಾಗ ಕೊಡಿ, ತಟ್ಟೆ ಬಡಿಯುವಂಥ ಜೋರು ಸದ್ದು ನಿಲ್ಲಿಸಿ. ಇಷ್ಟು ಮಾಡಿದರೆ ಚಿಕಿತ್ಸೆ ಆಗಿಬಿಡುವುದಿಲ್ಲ, ಅದಕ್ಕೆ ತರಬೇತಾದವರೇ ಬೇಕು. ಆದರೂ ಊಟಕ್ಕೆ ಮುಂಚೆ "ಕೈ ಕಟ್ಟಿ, ಬಾಯಿ ಮುಚ್ಚಿ" ಅನ್ನುವುದಾದರೂ ತಪ್ಪುತ್ತೆ.