ಕೊಡಲಿಯ ರುಜು

ನನ್ನ ಮಗಳ ಮಾವನವರು, ಅಂದರೆ ನನ್ನ ಬೀಗರು, ಕೆನಡಾದ ಕ್ವಿಬೆಕ್ ಪ್ರಾಂತದವರು. ಅವರ ತಾಯಿಯ ಕಡೆಯ ವಂಶವು 1634ರಲ್ಲಿ ಫ್ರಾನ್ಸಿನ ಪೆರ್ಶ್ ಸೀಮೆಯಿಂದ ಹಡಗು ಹತ್ತಿ ಹೋದ ಝಕಾರಿ ಕ್ಲೂತಿಯೆ ಎಂಬ ಬಡಿಗನಿಂದ ಇಳಿದು ಬಂದದ್ದು. ಆ ಮೂಲದ ಊರನ್ನು ನೋಡುವ ಆಸೆಯನ್ನು ನಿವೃತ್ತಿಯವರೆಗೆ ಮುಂದೂಡುತ್ತ ಬಂದಿದ್ದ ಅವರು ಕಳೆದ ಬೇಸಿಗೆಯಲ್ಲಿ ಹೊರಟಾಗ ಜೊತೆಗೆ ನನ್ನನ್ನೂ ಕರೆದರು. ನಾನು ಒಪ್ಪಿದ್ದು ಪ್ಯಾರಿಸ್ಸಿನ ಆಸೆಗೆ. ಈಗ ನೋಡಿದರೆ, ಪ್ಯಾರಿಸ್ಸಿನಲ್ಲಿ ಕಳೆದ ನಾಲ್ಕು ದಿನಗಳ ಬಗ್ಗೆ ನನಗೆ ಬರೆಯಲು ಏನೂ ತೋಚುವುದಿಲ್ಲ, ಮೊರ್ತಾಞ್ ಎಂಬ ಆ ಪುಟ್ಟ ಊರಿನ ಒಂದು ಮಧ್ಯಾಹ್ನ ಮಾತ್ರ ಮನಸ್ಸಿನಿಂದ ಇಳಿಯುತ್ತಿಲ್ಲ.

ಮೊರ್ತಾಞ್ ಪ್ಯಾರಿಸ್ಸಿನಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ದಿಬ್ಬದ ಮೇಲೆ ಕುಳಿತಿರುವ ಊರು. ಅಲ್ಲಿಗೆ ನೇರ ರೈಲಿಲ್ಲವಾದ್ದರಿಂದ ಬಾಡಿಗೆ ಕಾರು ಗೊತ್ತುಮಾಡಿದ್ದೆವು. ಹಣವನ್ನು ಮೊದಲೇ ಕಟ್ಟಿದ್ದರೂ, ಕಾರು ಓಡಿಸುವವರ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡು ಇರಬೇಕೆಂದು ಕೌಂಟರಿನಲ್ಲಿದ್ದ ತರುಣ ಪಟ್ಟು ಹಿಡಿದ. ಬೀಗರು ತಂದದ್ದು ಡೆಬಿಟ್ ಕಾರ್ಡು, ಕ್ರೆಡಿಟ್ ಕಾರ್ಡು ಇದ್ದದ್ದು ನನ್ನ ಹೆಸರಿನಲ್ಲಿ, ನನಗೋ ಕಾರು ಓಡಿಸಲು ಬಾರದು. ಮಾಂಟ್ರಿಯಲ್‌ನಲ್ಲಿ ಮಲಗಿದ್ದ ಅಳಿಯನನ್ನು ನಸುಕಿನಲ್ಲಿ ಎಬ್ಬಿಸಿ, ಅವನು ಅಲ್ಲಿಂದಲೇ ಬೇರೆ ಕಡೆ ಕಾರು ಹುಡುಕಿ ಕೊಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಇಂಥ ಪ್ರವಾಸಕ್ಕೆ ಹೊರಡುವವರು ವಂಶವೃಕ್ಷದ ಪ್ರತಿಗಿಂತ ಮೊದಲು ಈ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳಲಿ.

ದಾರಿಯುದ್ದಕ್ಕೂ ಬೇಲಿ ಕಟ್ಟಿದ ಹುಲ್ಲುಗಾವಲು, ಸೇಬಿನ ತೋಟ, ಅಲ್ಲಲ್ಲಿ ಪೆರ್ಶೆರೋಂ ತಳಿಯ ಕುದುರೆಗಳು. ಈ ಸೀಮೆಯ ಹೆಸರನ್ನೇ ಹೊತ್ತ ಆ ದಪ್ಪ ಕುತ್ತಿಗೆಯ ಬೂದು ಕುದುರೆಗಳು ಸವಾರಿಗಿಂತ ಹೆಚ್ಚಾಗಿ ಗಾಡಿ ಎಳೆದು ಹೆಸರಾದವು. ನಮ್ಮ ಕಡೆಯ ಖಿಲಾರಿ ಎತ್ತುಗಳನ್ನು ನೋಡಿ ಬೆಳೆದ ನನಗೆ ಪ್ಯಾರಿಸ್ಸಿನ ಯಾವ ಪ್ರತಿಮೆಯೂ ಅಷ್ಟು ಚಂದ ಕಂಡಿರಲಿಲ್ಲ. ಊಟದ ವಿಷಯದಲ್ಲಿ ಮಾತ್ರ ಮೊರ್ತಾಞ್‌ಗೂ ನನಗೂ ಹೊಂದಲಿಲ್ಲ. ಆ ಊರು ಹೆಸರುವಾಸಿಯಾದದ್ದು ಹಂದಿಯ ರಕ್ತದಿಂದ ಮಾಡುವ ಕಪ್ಪು ಬುದೆಂ ಎಂಬ ಸಾಸೇಜಿಗೆ, ಅದಕ್ಕಾಗಿಯೇ ಅಲ್ಲೊಂದು ಜಾತ್ರೆ ಕೂಡ ನಡೆಯುತ್ತದೆ. ನಾನು ಮೂರು ಹೊತ್ತೂ ಬ್ರೆಡ್ಡು, ಚೀಸು, ಸೇಬುಗಳಲ್ಲಿ ಕಳೆದೆ.

ಕ್ಲೂತಿಯೆಯ ಕಥೆ ಸ್ವಲ್ಪ ಹೇಳಬೇಕು. ರೋಬೇರ್ ಜಿಫಾರ್ ಎಂಬ ಪೆರ್ಶ್ ಸೀಮೆಯ ವೈದ್ಯನಿಗೆ 1634ರ ಜನವರಿಯಲ್ಲಿ ಕ್ವಿಬೆಕ್ ಪಕ್ಕದ ಬೋಪೋರ್ ಜಹಗೀರು ಸಿಕ್ಕಿತು. ಕೊಟ್ಟದ್ದು ಆಗ ಆ ಫ್ರೆಂಚ್ ವಸಾಹತನ್ನು ನಡೆಸುತ್ತಿದ್ದ ನೂರು ಪಾಲುದಾರರ ಕಂಪನಿ. ಕಾಡು ಕಡಿದು ಮನೆ ಕಟ್ಟುವ ಕೈಗಳು ಬೇಕಾಗಿದ್ದರಿಂದ ಜಿಫಾರ್ ತನ್ನ ಸೀಮೆಯಲ್ಲಿಯೇ ಜನ ಕೂಡಿಸಿದ. ಅದೇ ವರ್ಷದ ಮಾರ್ಚ್ 14ರಂದು ಮೊರ್ತಾಞ್‌ನ ನೋಟರಿಯ ಎದುರು ಗಾರೆಯವನಾದ ಜಾಂ ಗಿಯೋಂ ಮತ್ತು ಬಡಿಗನಾದ ಕ್ಲೂತಿಯೆ ಅವನೊಡನೆ ಕರಾರು ಮಾಡಿಕೊಂಡರು. ಕ್ಲೂತಿಯೆ ಎಂದರೆ ಮೊಳೆ ಮಾಡುವವನು ಎಂದರ್ಥ. ನಮ್ಮ ಕಡೆಯ ಬಡಿಗೇರ, ಕಮ್ಮಾರ, ಪತ್ತಾರ ಅಡ್ಡಹೆಸರುಗಳ ಜಾತಿಗೆ ಸೇರಿದ ಹೆಸರು ಅದು. ಬೀಗರು ಈ ಪೂರ್ವಜನ ಬಗ್ಗೆ ಹೇಳುವ ರೀತಿಗೆ ಇದೊಂದು ಅಪರೂಪದ ಮನೆತನವೆಂದು ನಾನು ಭಾವಿಸಿದ್ದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಹಳೆಯ ಚರ್ಚುಗಳ ಪುಸ್ತಕಗಳಿಂದ ಲೆಕ್ಕ ಹಾಕಿದ ಪ್ರಕಾರ 1800ರ ಹೊತ್ತಿಗೇ ಆ ಬಡಿಗನ ಮದುವೆಯಾದ ಸಂತತಿ 10,000 ದಾಟಿತ್ತೆಂದು ಆಮೇಲೆ ತಿಳಿಯಿತು. ಹಾಗೆಂದು ಹೇಳಿದಾಗ ಬೀಗರು ಸ್ವಲ್ಪವೂ ಕುಗ್ಗಲಿಲ್ಲ. "ಹಾಗಾದರೆ ಊರಿಗೆಲ್ಲ ನಾವೇ ಬೀಗರು" ಎಂದರು. ಬೀಗರು ಎಂಬ ಕನ್ನಡ ಪದವನ್ನು ಅವರಿಗೆ ಕಲಿಸಿದವಳು ನನ್ನ ಮಗಳು.

ಕ್ಲೂತಿಯೆ ಮದುವೆಯಾಗಿದ್ದ ಸಂತ ಜಾಂ ಚರ್ಚು ಈಗ ಮೊರ್ತಾಞ್‌ನಲ್ಲಿ ಇಲ್ಲ. ಇಲ್ಲದ ಚರ್ಚಿನ ಜಾಗವನ್ನು ಸುತ್ತಿ ಸುತ್ತಿ ನೋಡಿ ದಣಿದ ಮೇಲೆ ನಾವು ಚೌಕದ ಬದಿಯ ಕಾಫಿ ಅಂಗಡಿಯಲ್ಲಿ ಕುಳಿತೆವು. ಬೀಗರು ತಮ್ಮ ಕಡತ ಬಿಚ್ಚಿ ಒಂದು ಹಳೆಯ ಪತ್ರದ ನಕಲನ್ನು ನನ್ನ ಮುಂದಿಟ್ಟರು. ಕೊನೆಯಲ್ಲಿ ರುಜುಗಳ ನಡುವೆ ಒಂದು ಪುಟ್ಟ ಕೊಡಲಿಯ ಚಿತ್ರವಿತ್ತು. ಅಕ್ಷರ ಬಾರದ ಕ್ಲೂತಿಯೆ ತನ್ನ ಹೆಸರಿನ ಬದಲು ಕೊಡಲಿ ಬರೆಯುತ್ತಿದ್ದ.

ನಾನು ಆ ಕಾಗದವನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ನನ್ನ ಅಜ್ಜ ಧಾರವಾಡ ಸೀಮೆಯ ಒಂದು ಹಳ್ಳಿಯ ಕುಲಕರ್ಣಿ. ಅವರ ದಫ್ತರದ ಮೋಡಿ ಲಿಪಿಯ ಕಾಗದಗಳಲ್ಲಿ ಗೌಡರ ರುಜು ಇರಬೇಕಾದಲ್ಲಿ ನೇಗಿಲಿನ ಚಿತ್ರವಿರುತ್ತಿತ್ತು. ನಿಶಾಣಿ ಎನ್ನುತ್ತಿದ್ದರು ಅದಕ್ಕೆ. ಹೆಬ್ಬೆಟ್ಟು ಒತ್ತುವುದರಲ್ಲಿ ಇರುವ ತಗ್ಗಿನ ಭಾವ ಆ ನೇಗಿಲಿನಲ್ಲಿ ಇರಲಿಲ್ಲ. ನಾನು ಇಂಥ ಕೆಲಸದವನು, ಇದು ನನ್ನ ಮಾತು ಎಂಬ ಗತ್ತು ಇರುತ್ತಿತ್ತು. ಆ ಗತ್ತು ಕ್ಲೂತಿಯೆಗೂ ಇದ್ದಿರಬೇಕು, ಏಕೆಂದರೆ ಬೋಪೋರ್‌ಗೆ ಹೋದ ಮೇಲೆ ಅವನೂ ಗಿಯೋಂನೂ ಜಹಗೀರುದಾರನಿಗೆ ಸಲ್ಲಿಸಬೇಕಾದ ವಿಧ್ಯುಕ್ತ ಗೌರವ ಸಲ್ಲಿಸಲು ವರ್ಷಗಟ್ಟಲೆ ಒಪ್ಪದೆ ಜಗಳ ಕಾದು, ಕೊನೆಗೆ 1646ರಲ್ಲಿ ಗವರ್ನರನ ಅಪ್ಪಣೆಗೆ ಮಣಿಯಬೇಕಾಯಿತು.

"ಆ ನೆಲ ಅದಕ್ಕೂ ಮೊದಲು ಯಾರದ್ದಾಗಿತ್ತು?" ಎಂದು ನಾನು ಕೇಳಿದೆ. ಕಂಪನಿಯೊಂದು ತಾನು ಉತ್ತಿ ಬಿತ್ತದ ನೆಲವನ್ನು ಸನ್ನದು ಬರೆದು ಕೊಟ್ಟ ಕಥೆ ನಮ್ಮವರಿಗೆ ಹೊಸದಲ್ಲವಾದ್ದರಿಂದ ಪ್ರಶ್ನೆ ತಾನಾಗಿ ಬಂದಿತ್ತು. ಬೀಗರು ಕಾಫಿಯ ಲೋಟವನ್ನು ತಿರುಗಿಸುತ್ತ, "ಇನ್ನು ಎಂಬ ಅಲ್ಲಿಯ ಮೂಲನಿವಾಸಿ ಜನರ ನೆಲವಾಗಿತ್ತು. ನಮ್ಮ ಕಾಗದಗಳಲ್ಲಿ ಅವರ ಹೆಸರಿಲ್ಲ. ಕೊಡಲಿಯನ್ನು ಮೊದಲು ಎತ್ತಿದ್ದು ಯಾವ ಮರದ ಮೇಲೆ, ಅದರ ನೆರಳಲ್ಲಿ ಯಾರಿದ್ದರು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ" ಎಂದರು. ಆಮೇಲೆ ಕಡತದಿಂದ ಇನ್ನೊಂದು ಹಾಳೆ ತೆಗೆದರು. ಮಾತು ತಪ್ಪಿಸಲು ಅಲ್ಲವೆಂದೇ ನನ್ನ ನಂಬಿಕೆ.

ಅದು ಕ್ಲೂತಿಯೆಯ ಮಗಳು ಆನ್ ಮತ್ತು ರೋಬೇರ್ ದ್ರುಯೆಂ ಇವರ ಮದುವೆಯ ಕರಾರಿನ ವಿವರ. 1636ರ ಜುಲೈ 27ರಂದು ಬರೆದ ಈ ಕರಾರು ಕೆನಡಾದಲ್ಲಿ ಉಳಿದಿರುವ ಮದುವೆಯ ಕರಾರುಗಳಲ್ಲಿ ಅತ್ಯಂತ ಹಳೆಯದು. ನೋಟರಿ ಇಲ್ಲದ ಆ ಕಾಲದಲ್ಲಿ ಅದನ್ನು ಬರೆದವನು ಅಕ್ಷರ ಬಲ್ಲ ಗಾರೆಯವನು ಗಿಯೋಂ. ಹುಡುಗಿಗೆ ಆಗ 10 ವರ್ಷ. ಮಾರನೆಯ ವರ್ಷ ಚರ್ಚಿನಲ್ಲಿ ಮದುವೆಯಾಯಿತು. ಬಳಿಕ ಎರಡು ವರ್ಷ ಗಂಡಹೆಂಡತಿ ಸಂಸಾರ ಹೂಡಬಾರದೆಂಬ ಮಾತಾಗಿತ್ತೆಂದು ವಂಶಾವಳಿ ಬರೆಯುವವರು ಹೇಳುತ್ತಾರೆ. ಬೀಗರು ಇದನ್ನು ಓದಿ ಹೇಳುವಾಗ ತಗ್ಗಿದ ದನಿಯಲ್ಲಿ, ನಾನು ಏನೆಂದುಕೊಳ್ಳುವೆನೋ ಎಂಬ ಸಂಕೋಚದಲ್ಲಿದ್ದರು. ನನ್ನ ಅಜ್ಜಿಯ ಮದುವೆ 9 ವರ್ಷಕ್ಕೇ ಆದದ್ದು, 1929ರ ಶಾರದಾ ಕಾಯ್ದೆ ಜಾರಿಗೆ ಬರುವುದರೊಳಗೆ ಮುಗಿಸಿಬಿಡೋಣವೆಂದು ಆ ವರ್ಷ ಎಷ್ಟೋ ಮನೆಗಳಲ್ಲಿ ಅವಸರದಿಂದ ಚಪ್ಪರ ಹಾಕಿದ್ದು, ಮೈನೆರೆದ ಮೇಲೆ ಪ್ರಸ್ತವಾಗಿ ಗಂಡನ ಮನೆಗೆ ಬಂದದ್ದು, ಎಲ್ಲವನ್ನೂ ಹೇಳಿದೆ. ಅವರ ಮುಖ ಸಡಿಲಾಯಿತು. "ನಿಮ್ಮ ಅಜ್ಜಿಯ ಹೆಸರೇನು?" ಎಂದು ಕೇಳಿದರು.

ಹೇಳಿದೆ. ಅದು ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಅಜ್ಜ ಉಂಗುರದಿಂದ ಬರೆದ ಹೆಸರೆಂದೂ ಹೇಳಿದೆ. "ಅದಕ್ಕೂ ಮೊದಲಿನ ಹೆಸರು?" ಎಂದರು. ನನಗೆ ಗೊತ್ತಿರಲಿಲ್ಲ.

ಬೀಗರು ಆಗ ತಮ್ಮ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಕ್ಲೂತಿಯೆಯ ಹೆಂಡತಿ 1616ರಲ್ಲಿ ಮದುವೆಯಾದಾಗ ಸೆಂತ್ ದ್ಯುಪೋಂ, 1680ರಲ್ಲಿ ಕ್ವಿಬೆಕ್‌ನ ಶಾತೋ ರಿಶೆಯಲ್ಲಿ ಮಣ್ಣಾದಾಗಲೂ ಸೆಂತ್ ದ್ಯುಪೋಂ. ಫ್ರೆಂಚರ ಚರ್ಚಿನ ಪುಸ್ತಕಗಳಲ್ಲಿ ಹೆಣ್ಣು ಸಾಯುವ ತನಕ ತವರಿನ ಹೆಸರಿನಿಂದಲೇ ದಾಖಲಾಗುತ್ತಾಳೆ. 1640ರಲ್ಲಿ ಕ್ವಿಬೆಕ್‌ನ ಚರ್ಚು ಸುಟ್ಟು ಪುಸ್ತಕಗಳೆಲ್ಲ ಬೂದಿಯಾದಾಗ ಪಾದ್ರಿಗಳು ಹುಟ್ಟು, ಮದುವೆ, ಸಾವುಗಳನ್ನು ನೆನಪಿನಿಂದ ಮತ್ತೆ ಬರೆದರಂತೆ. ನಾನೋ, ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಗೋತ್ರಸಹಿತ ತಡವರಿಸದೆ ಹೇಳಬಲ್ಲೆನೆಂದು ಬೀಗುತ್ತಿದ್ದವನು. ಊರವರ ಹೊಲಗಳ ಎಲ್ಲೆಗಳನ್ನೆಲ್ಲ ಬರೆದಿಟ್ಟ ಕುಲಕರ್ಣಿಯ ಮನೆಯಲ್ಲಿ ಈ ಒಂದು ಹೆಸರನ್ನು ಯಾರೂ ಬರೆದಿರಲಿಲ್ಲ.

ಮರುದಿನ 12 ಕಿಲೋಮೀಟರ್ ದೂರದ ತೂರೂವ್ರ್‌ಗೆ ಹೋದೆವು. ಕೆನಡಾಕ್ಕೆ ವಲಸೆ ಹೋದವರ ಬಗ್ಗೆ ಅಲ್ಲೊಂದು ಸಂಗ್ರಹಾಲಯವಿದೆ. ಚರ್ಚಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಂದರ ಮೇಲೆ ಊರು ಬಿಟ್ಟು ಹೊರಟವರ ಬೀಳ್ಕೊಡುಗೆ, ಇನ್ನೊಂದರ ಮೇಲೆ ಕ್ವಿಬೆಕ್‌ನ ಮುಖ್ಯಮಂತ್ರಿ ಒನೊರೆ ಮೆರ್ಸಿಯೆ 1891ರಲ್ಲಿ ತನ್ನ ಪೂರ್ವಜರ ಊರನ್ನು ನೋಡಲು ಬಂದ ದೃಶ್ಯ. ಬೀಗರು ಎರಡೂ ಕಿಟಕಿಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ದಾಖಲೆ ಹುಡುಕುವವರಿಗೆ ಒಂದು ಮಾತು: ಈ ಜಿಲ್ಲೆಯ ಹಳೆಯ ಚರ್ಚಿನ ಪುಸ್ತಕಗಳನ್ನು ಅಲಾಂಸೋಂ ಪಟ್ಟಣದ ಪತ್ರಾಗಾರದವರು ಅಂತರ್ಜಾಲದಲ್ಲಿಯೇ ಇಟ್ಟಿದ್ದಾರೆ, ಬರಿಯ ಓದುವುದಕ್ಕಾಗಿ ಅಲ್ಲಿಯತನಕ ಹೋಗುವ ಅಗತ್ಯವಿಲ್ಲ.

ಚರ್ಚಿನ ಹೊರಗೆ ಕಲ್ಲುಕಟ್ಟೆಯ ಮೇಲೆ ಕುಳಿತು ಧಾರವಾಡದಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ ಈಗ 84 ವರ್ಷ. ಅಜ್ಜಿಯ ತವರಿನ ಹೆಸರು ಕೇಳಿದ್ದಕ್ಕೆ ಮೊದಲು ನಕ್ಕರು, ಫ್ರಾನ್ಸಿಗೆ ಹೋಗಿ ಇದನ್ನು ಕೇಳುತ್ತೀಯಲ್ಲ ಎಂದರು. ಆಮೇಲೆ ಬಹಳ ಹೊತ್ತು ಮಾತಿಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಅವರ ದನಿ ಬಂತು.

"ಯಾವುದೋ ನದೀ ಹೆಸರಿತ್ತಪಾ. ಗೋದಾನೋ, ತುಂಗಾನೋ. ಅವರಣ್ಣ ಒಮ್ಮೆ ಬಂದಾಗ ಆ ಹೆಸರು ಹಿಡಿದು ಕರೆದಿದ್ದಾ, ಆಕಿ ಒಳಗಿಂದ ಓಡಿ ಬಂದಿದ್ಳು. ತಡಿ, ನೆನಪಾದರ ನಾನs ಫೋನ್ ಮಾಡತೀನಿ."