ಯಾರಿಗೂ ಬೇಡದ ಮರೀನಾ

"ಅದನ್ನ ಮಾಡಿದವನು ನಾನು. ಆದ್ರೆ ದುಡ್ಡು ಕೊಟ್ಟು ತಗೊಳ್ಳೋಷ್ಟು ಹುಚ್ಚು ನನಗಿರಲಿಲ್ಲ."

ಸಾಸಿವೆ ಬಣ್ಣದ ಮಾರಿಸ್ ಮರೀನಾ ಕಾರು ನಮ್ಮ ಮನೆ ಮುಂದೆ ಬಂದು ನಿಂತಾಗ ಪಕ್ಕದ ಮನೆ ಅಜ್ಜ ಹೇಳಿದ ಮಾತು ಇದು. ನಾವಿರುವುದು ಆಕ್ಸ್‌ಫರ್ಡ್‌ನ ಕೌಲಿಯಲ್ಲಿ. ಫೋಟೋದಲ್ಲಿ ನೀವು ನೋಡುವ ಗೋಪುರಗಳೆಲ್ಲ ಊರಿನ ಆ ಕಡೆ. ಈ ಕಡೆ ಕಾರಿನ ಕಾರ್ಖಾನೆ. ಈಗ ಅಲ್ಲಿ ಬಿಎಂಡಬ್ಲ್ಯು ಕಂಪನಿಯ ಮಿನಿ ತಯಾರಾಗುತ್ತದೆ. ಎಪ್ಪತ್ತರ ದಶಕದಲ್ಲಿ ಮರೀನಾ ತಯಾರಾಗುತ್ತಿತ್ತು. ಅಜ್ಜ ಆಗ ಅಲ್ಲಿ ಬಾಗಿಲು ಜೋಡಿಸುತ್ತಿದ್ದರು. ಕೂಡಿಟ್ಟ ದುಡ್ಡಲ್ಲಿ ತಾವು ಕೊಂಡದ್ದು ಮಾತ್ರ ಜಪಾನಿನ ಡಾಟ್ಸನ್. ಅದರಲ್ಲಿ ರೇಡಿಯೊ ಮೊದಲೇ ಇರುತ್ತಿತ್ತಂತೆ. ಕೆಲಸದ ಗೇಟಿನವರೆಗೆ ಅದನ್ನು ಓಡಿಸಿಕೊಂಡು ಹೋಗಲು ಮುಜುಗರ. ಬೇರೆ ಬೀದಿಯಲ್ಲಿ ನಿಲ್ಲಿಸಿ ನಡೆದು ಹೋಗುತ್ತಿದ್ದರಂತೆ.

ಈ ದೇಶದಲ್ಲಿ ಹಳೆ ಕಾರಿಗೆ ಮರ್ಯಾದೆ ಜಾಸ್ತಿ. ಮಾರಿಸ್ ಮೈನರ್ ಕಂಡರೆ ಮುದ್ದು, ಜಾಗ್ವಾರ್ ಕಂಡರೆ ಗೌರವ. ಮರೀನಾ ಕಂಡರೆ ಮಾತ್ರ ನಗು. 1968ರಲ್ಲಿ, ಮಾರಿಸ್ ಸೇರಿದಂತೆ ಇಲ್ಲಿನ ಹಲವು ಕಾರು ಕಂಪನಿಗಳು ಒಂದೇ ಸೂರಿನಡಿ ಬಂದು ಬ್ರಿಟಿಷ್ ಲೇಲ್ಯಾಂಡ್ ಹುಟ್ಟಿತು. ಫೋರ್ಡ್ ಕಾರ್ಟಿನಾಗೆ ಎದುರಾಗಿ ನಿಲ್ಲಿಸೋಕೆ ಬೇಗ ಒಂದು ಕಾರು ಬೇಕಿತ್ತು. 1971ರಲ್ಲಿ ಮರೀನಾ ಬಂತು. ಮೈಕಟ್ಟು ಹೊಸದು, ಮುಂದಿನ ಸಸ್ಪೆನ್ಷನ್ ಮಾತ್ರ 1948ರ ಮೈನರ್‌ನಿಂದ ಬಂದದ್ದು. ಹಾಗಿದ್ದರೂ 1980ರ ಹೊತ್ತಿಗೆ ಸುಮಾರು 8 ಲಕ್ಷ ತಯಾರಾದವು. ಈಗ ಹುಡುಕಿದರೂ ಸಿಗಲ್ಲ. ತುಕ್ಕು ಒಂದು ಕಾರಣ. ಇನ್ನೊಂದು ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಮರೀನಾದ ಮುಂದಿನ ಡಿಸ್ಕ್ ಬ್ರೇಕು ಮೈನರ್‌ಗೆ ಕೂರುತ್ತದೆ. ಮೈನರ್ ಸಾಕಿದವರು ಬ್ರೇಕು ಬಿಚ್ಚಿಕೊಂಡು, ಎಂಜಿನ್ ಎತ್ತಿಕೊಂಡು, ಉಳಿದದ್ದನ್ನು ಗುಜರಿಗೆ ಹಾಕಿದರು.

ನನ್ನದು ಸಿಕ್ಕಿದ್ದು ಹೆರೆಫರ್ಡ್ ಕಡೆಯ ಒಂದು ಹಳ್ಳಿಯಲ್ಲಿ. 1977ರ ಗಾಡಿ, 1.8 ಲೀಟರ್ ಎಂಜಿನ್. ತೀರಿಹೋದ ಗಂಡನ ಕಾರನ್ನು ಒಬ್ಬ ಅಜ್ಜಿ ಶೆಡ್ಡಿನಲ್ಲಿ ಹಾಗೇ ಬಿಟ್ಟಿದ್ದರು. ಬಾಗಿಲ ಕೆಳಗಿನ ಸಿಲ್ ಒತ್ತಿ ನೋಡಿದೆ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಬೆರಳು ಒಳಗೇ ಹೋಯಿತು. ಬಾನೆಟ್ ಎತ್ತಿದ ಮೇಲೆ ಬೇಡ ಅನ್ನಲು ಮನಸ್ಸು ಬರಲಿಲ್ಲ.

ಯಾಕೆಂದರೆ ಅದು ಬಿ ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ದು ಅದೇ ವಂಶದ 1489 ಸಿಸಿ ಎಂಜಿನ್. ಅಂಬಾಸಿಡರ್ ಅಂದರೆ ಮೂಲದಲ್ಲಿ ಇದೇ ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸು. ಹಾಸನದಲ್ಲಿ ನಮ್ಮ ದೊಡ್ಡಪ್ಪ ಓಡಿಸುತ್ತಿದ್ದ ಟ್ಯಾಕ್ಸಿಯ ತವರು ನಾನು ಬಾಡಿಗೆ ಕಟ್ಟುವ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ!

ಅಜ್ಜನಿಗೆ ಇದನ್ನು ಖುಷಿಯಿಂದ ಹೇಳಿದೆ. ಅವರು ಟೀ ಕುಡಿಯುತ್ತಾ ಕೇಳಿಸಿಕೊಂಡರು. ಆಮೇಲೆ, "ಹೌದು, ನಾವು ಐವತ್ತರ ದಶಕದಲ್ಲೇ ಬಿಟ್ಟಿದ್ದನ್ನ ನೀವು 2014ರ ತನಕ ಮಾಡ್ತಾನೇ ಇದ್ರಿ ಅಲ್ವಾ?" ಅಂದರು. ಕುಹಕವೇನೂ ಇರಲಿಲ್ಲ. ಆದರೂ ಚುಚ್ಚಿತು.

ರಾತ್ರಿ ಪೂರ್ತಿ ಉತ್ತರ ಹುಡುಕಿದೆ. ಧರ್ಮಸ್ಥಳದಿಂದ ವಾಪಸ್ ಬರುತ್ತಾ ಶಿರಾಡಿ ಘಾಟಿ ಹತ್ತುವಾಗ ಗಾಡಿ ಕುದಿಯುತ್ತಿತ್ತು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸುತ್ತಿದ್ದರು. ನಾವು ಮಕ್ಕಳು ಝರಿಯಿಂದ ಕೊಡಪಾನದಲ್ಲಿ ನೀರು ತರುತ್ತಿದ್ದೆವು. ಮುಂದಿನ ಉದ್ದ ಸೀಟಿನಲ್ಲಿ ದೊಡ್ಡಪ್ಪ ಬಾಗಿಲಿಗೆ ಒತ್ತಿಕೊಂಡು, ಸ್ಟೇರಿಂಗ್ ಪಕ್ಕದ ಗೇರಿಗೆ ಕೈ ಚಾಚಿಕೊಂಡು ಮನೆ ಮುಟ್ಟಿಸುತ್ತಿದ್ದರು. ಒಂದೇ ಗಾಡಿಯಲ್ಲಿ ಇಡೀ ಮನೆತನ. ಇದೆಲ್ಲ ಹೆಮ್ಮೆಯ ಮಾತೇ. ಆದರೆ ಅಜ್ಜನಿಗೆ ಕೊಡುವ ಉತ್ತರ ಇದಲ್ಲ.

ನಿಜ ಹೇಳಬೇಕೆಂದರೆ, ಆ ಕಾರನ್ನು ನಾವು ಆರಿಸಿಕೊಂಡಿರಲಿಲ್ಲ. ಏನು ತಯಾರಿಸಲೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ ಕಾಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಜನ ಹೇಗೂ ಕ್ಯೂ ನಿಂತಿದ್ದಾರೆ, ಮತ್ತೆ ಕಾರನ್ನು ಸುಧಾರಿಸಲು ಯಾರಿಗೆ ತುರ್ತು? ಇಲ್ಲಿ ಕಾರ್ಖಾನೆಗಳಿಗೆ ಮುಷ್ಕರ, ದುಡ್ಡಿನ ಮುಗ್ಗಟ್ಟು. ಅಲ್ಲಿ ಪೈಪೋಟಿಯೇ ಇಲ್ಲ. ಕಾರಣ ಬೇರೆ ಬೇರೆ, ಕೊನೆಗೆ ಆದದ್ದು ಒಂದೇ. ಇಬ್ಬರ ಮನೆಗೂ ಜಪಾನಿನವರೇ ಬಂದರು. ಇಲ್ಲಿಗೆ ಡಾಟ್ಸನ್. ಅಲ್ಲಿಗೆ 1983ರ ಡಿಸೆಂಬರಿನಲ್ಲಿ, ಸುಜುಕಿ ಜೊತೆ ಸೇರಿ ಮಾಡಿದ ಮಾರುತಿ 800. ಇದನ್ನು ಅಜ್ಜನಿಗೆ ಹೇಳಿದ್ದಕ್ಕೆ, "ಹಾಗಾದ್ರೆ ನಾವಿಬ್ಬರೂ ಒಂದೇ ಕಡೆ ಸೋತವರು" ಅಂದು ಬೆನ್ನು ತಟ್ಟಿದರು.

ಮರೀನಾ ಒಳಗೆ ಅಂಥ ಜಟಿಲವಾದದ್ದು ಏನಿಲ್ಲ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಆಗಾಗ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ಎತ್ತಿದರೆ ತೆಳ್ಳಗಿನ ಕಡ್ಡಿಯೊಂದು ಮೇಲೆ ಬರುತ್ತದೆ. ಆ ತೂತಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಕಡ್ಡಿಯನ್ನು ಮತ್ತೆ ಒತ್ತಿದಾಗ ಕೈಗೆ ಮೆತ್ತಗೆ ತಡೆ ಸಿಗಬೇಕು. ಸಿಕ್ಕರೆ ಸರಿ ಇದೆ ಅಂತ ಅರ್ಥ. ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುವ ನನಗೆ ಇದೇ ದೊಡ್ಡ ಸುಖ.

ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಬಂದೇ ಬರುತ್ತಾರೆ. "ನಮ್ಮಪ್ಪನ ಹತ್ರ ಇದೇ ಇತ್ತು, ದರಿದ್ರ ಕಾರು" ಅನ್ನುತ್ತಾರೆ. ಬೈದವರು ಹೊರಡಲ್ಲ. ಹಿಂದಿನ ಸೀಟಿನ ಮೇಲೆ ಕೈಯಾಡಿಸುತ್ತಾ ಅಪ್ಪನ ಕತೆ ಶುರು ಮಾಡುತ್ತಾರೆ.

ಕಾನೂನಿನ ವಿಷಯಕ್ಕೆ ಬಂದರೆ ಇಲ್ಲಿನವರು ಉದಾರಿಗಳು. ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ತೀರಾ ಬದಲಾಯಿಸದೆ ಇಟ್ಟುಕೊಂಡಿದ್ದರೆ ವರ್ಷದ ತಪಾಸಣೆಯೂ ಕಡ್ಡಾಯವಲ್ಲ. ತರಕಾರಿ ತರಲು ಬೇಕಾದರೂ ಹೋಗಿ. ನಮ್ಮಲ್ಲಿ 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಆಮೇಲೆ ಅದನ್ನು ಪ್ರದರ್ಶನ, ರ್‍ಯಾಲಿ ಅಂತ ಹೊರಗೆ ತರಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಓಡಬಾರದು ಅಂದಮೇಲೆ ಅದು ಕಾರು ಹೇಗಾಗುತ್ತದೆ, ಹೇಳಿ?

ದೊಡ್ಡಪ್ಪನ ಗಾಡಿ ಏನಾಯಿತು ಅಂತ ಹಾಸನಕ್ಕೆ ಫೋನ್ ಮಾಡಿ ಅವರ ಮಗನನ್ನು ಕೇಳಿದೆ. ಯಾವತ್ತೋ ಗುಜರಿಗೆ ಹೋಗಿದೆ. "ಇಟ್ಕೊಂಡಿದ್ರೆ ಆಗ್ತಿತ್ತು ಕಣೋ, ಈಗ ಮದುವೆ ಫೋಟೋಶೂಟಿಗೆ ಒಳ್ಳೆ ಬಾಡಿಗೆ ಬರುತ್ತೆ" ಅಂದ. ಮರೀನಾ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ವಾಟ್ಸಾಪಿನಲ್ಲಿ ಉತ್ತರ ಬಂತು: "ಇದಕ್ಕೆ ಬಾಡಿಗೆ ಬರಲ್ಲ ಬಿಡು."